ಗುಂಡನನ್ನು ಬಿಸಿಲಲ್ಲಿ ನಡೆಸಿದ ಬೇಸಿಗೆ

ಈ ಸಲದ ರಾಮನವಮಿಯ ದಿನ ಚಾಮರಾಜಪೇಟೆಯ ಒಂದು ಮನೆಗೆ ತುಳಸಿ ಹಾರ ಕೊಡಲು ಹೋಗಿದ್ದೆ. ಆ ಮನೆಯ ಸೊಸೆ ಹಾರ ಇಸಿದುಕೊಂಡು, ನನ್ನ ಮುಖದ ಬೆವರು ನೋಡಿ, ಒಳಗಿನಿಂದ ದೊಡ್ಡ ಲೋಟದಲ್ಲಿ ಪಾನಕ ತಂದುಕೊಟ್ಟರು. ಕರಬೂಜ ಹಿಸುಕಿ ಹಾಕಿದ ಬೆಲ್ಲದ ಪಾನಕ. ಏಲಕ್ಕಿ, ಮೆಣಸು ಎರಡೂ ಹದವಾಗಿ ಬಿದ್ದಿದ್ದವು. ಲೋಟ ಮೂಗಿನ ಹತ್ತಿರ ಬಂದದ್ದೇ ನಾನು ಅದನ್ನು ಕೆಳಗಿಳಿಸಿದೆ.

"ಕುಡೀರಿ ರತ್ನಮ್ಮ, ಐಸ್ ಹಾಕಿಲ್ಲ."

"ಇವತ್ತು ಉಪವಾಸ ಅಮ್ಮ."

"ಉಪವಾಸ ಇರೋರಿಗೇ ಅಲ್ವೇನ್ರಿ ಪಾನಕ?" ಎಂದು ಅವರು ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ. ಲೋಟ ಹಾಗೆಯೇ ಹಿಂದಕ್ಕೆ ಕೊಟ್ಟು, ಬುಟ್ಟಿ ಎತ್ತಿಕೊಂಡು ಬೀದಿಗೆ ಬಂದೆ. ತಿರುವಿನ ತನಕ ಬಂದರೂ ಆ ವಾಸನೆ ನನ್ನ ಸೆರಗಿಗೆ ಅಂಟಿಕೊಂಡ ಹಾಗಿತ್ತು. ಎರಡು ವರ್ಷದ ಹಿಂದೆ, ಇದೇ ಹಬ್ಬದ ದಿನ, ಇದೇ ವಾಸನೆಯ ಮಧ್ಯೆ ನಿಂತು ನಾನು ಒಂದು ನಾಯಿಯನ್ನು ಕೊಂದೆ. ಅದರ ಜೊತೆಗೆ ನನ್ನ ತಮ್ಮನ ಬದುಕಿನಲ್ಲಿದ್ದ ಒಂದೇ ಒಂದು ಸಂತೋಷವನ್ನೂ ಕೊಂದೆ. ಮೊದಲನೆಯದು ಅರ್ಧ ಗಂಟೆಯ ಕೆಲಸ. ಎರಡನೆಯದನ್ನು ಎರಡು ವರ್ಷ ಬಾಯಿ ಮುಚ್ಚಿಕೊಂಡು ಮಾಡಿದೆ.

ಬೋರ್‌ವೆಲ್ಲುಗಳು ಬತ್ತಿ, ಊರೆಲ್ಲ ಟ್ಯಾಂಕರಿಗೆ ಕಾದು ಕೂತ ಬೇಸಿಗೆಯದು. ನಾವಿದ್ದದ್ದು ಗವಿಪುರದ ಒಂದು ವಠಾರದಲ್ಲಿ, ಮಹಡಿಯ ಮೇಲಿನ ಶೀಟಿನ ಮನೆ. ಹತ್ತು ಗಂಟೆಗೆಲ್ಲ ಶೀಟು ಕಾದು, ಒಳಗೆ ಕೂತವರ ತಲೆ ಸುಡುತ್ತಿತ್ತು. ನಾನು ಗಾಂಧಿ ಬಜಾರಿನಲ್ಲಿ ಹೂ ಮಾರುತ್ತೇನೆ. ತಮ್ಮ ಮಾದೇಶ ಬಸವನಗುಡಿಯ ಮನೆಗಳ ನಾಯಿಗಳನ್ನು ಓಡಾಡಿಸುವ ಕೆಲಸ ಮಾಡುತ್ತಿದ್ದ. ಅಮ್ಮ ಹೋದ ಮೇಲೆ ಅವನನ್ನು ಬೆಳೆಸಿದವಳು ನಾನೇ. ಅದಕ್ಕಾಗಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಜಗಳ ಬಂದಾಗಲೆಲ್ಲ ಈ ಮಾತನ್ನು ಅವನಿಗೆ ಎತ್ತಿ ಆಡಿದ್ದೇನೆ.

ಅವನೂ ಹೆಚ್ಚು ಓದಲಿಲ್ಲ. ಗ್ಯಾರೇಜು, ಬೇಕರಿ, ಪ್ರೆಸ್ಸು, ಎಲ್ಲಿಗೆ ಸೇರಿಸಿದರೂ ನಿಲ್ಲಲಿಲ್ಲ. ನಾಯಿಗಳ ಹತ್ತಿರ ಮಾತ್ರ ನಿಂತ. ಬೆಳಕು ಹರಿಯುವ ಮೊದಲೇ ಎದ್ದು, ಮುಖ ತೊಳೆದು, ಸೊಂಟಕ್ಕೆ ನೀರಿನ ಬಾಟಲಿ ಸಿಕ್ಕಿಸಿಕೊಂಡು ಹೋಗುತ್ತಿದ್ದ. ಬಿಸಿಲು ಏರುವ ಹೊತ್ತಿಗೆ ಎಲ್ಲ ನಾಯಿಗಳನ್ನೂ ಅವರವರ ಮನೆಗೆ ಬಿಟ್ಟು ಬಂದುಬಿಡುತ್ತಿದ್ದ. ಮತ್ತೆ ಹೊರಡುತ್ತಿದ್ದದ್ದು ಹೊತ್ತು ಮುಳುಗಿ ರಸ್ತೆ ಆರಿದ ಮೇಲೆ. ನಡುವೆ ಯಾರು ಕರೆದರೂ ಹೋಗುತ್ತಿರಲಿಲ್ಲ. "ಮಧ್ಯಾಹ್ನ ಖಾಲಿ ಕೂತಿರ್ತೀಯಲ್ಲೋ, ಇನ್ನೊಂದು ಮನೆ ಹಿಡಿ" ಎಂದು ನಾನು ಗೊಣಗಿದರೆ, "ಬೇಸಿಗೆ ಮಧ್ಯಾಹ್ನ ನಾಯಿಗೆ ನಿದ್ದೆನೇ ಕೆಲಸ ಅಕ್ಕ" ಎನ್ನುತ್ತಿದ್ದ.

ಮಾರ್ಚ್ ತಿಂಗಳಲ್ಲಿ ಅವನಿಗೆ ಒಂದು ಆಟೋ ಗುದ್ದಿ ಕಾಲು ಮುರಿಯಿತು. ಪಟ್ಟಿ ಹಾಕಿ ಮಲಗಿಸಿದರು. ಉಳಿದ ಮನೆಯವರು ಅವರವರ ನಾಯಿಯನ್ನು ತಾವೇ ನೋಡಿಕೊಳ್ಳುತ್ತೇವೆ ಎಂದರು. ಗುಂಡನ ಮನೆಯಲ್ಲಿ ಮಾತ್ರ ಅದು ಆಗುವ ಹಾಗಿರಲಿಲ್ಲ. ಆ ಮನೆಯ ಸರೋಜಮ್ಮನವರಿಗೆ ಮಂಡಿನೋವು, ಯಜಮಾನರಿಗೆ ಅಂಗಡಿ. ಗುಂಡ ಎಂದರೆ ಪಗ್ ಜಾತಿಯ ನಾಯಿ. ಚಪ್ಪಟೆ ಮುಖ, ಗೊರಕೆ ಹೊಡೆದ ಹಾಗೆ ಉಸಿರು, ಹೆಸರಿಗೆ ತಕ್ಕ ಹೊಟ್ಟೆ. ಮಾದೇಶನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ.

"ನಾನು ಕರ್ಕೊಂಡು ಹೋಗ್ತೀನಿ ಬಿಡು, ಒಂದು ನಾಯಿ ತಾನೇ?" ಎಂದೆ. ಅವನು ಗಾಬರಿಯಾದ.

"ಅಕ್ಕ, ಬಿಸಿಲು ಬರೋ ಮುಂಚೆನೇ ಹೋಗ್ಬೇಕು. ತಡ ಆದ್ರೆ ಹೋಗ್ಲೇಬೇಡ. ಮನೇಲೇ ಎಲ್ಲಾದ್ರೂ ಗಲೀಜು ಮಾಡ್ಕೊಳ್ಳಿ, ತೊಳೆದ್ರಾಯ್ತು."

"ಆಯ್ತು ಸ್ವಾಮಿ."

"ತಮಾಷೆ ಅಲ್ಲ. ರಸ್ತೆಗೆ ಕೈ ಹಿಂಭಾಗ ಒತ್ತಿ ನೋಡು. ನಿಂಗೆ ತಡ್ಕೊಳ್ಳೋಕಾಗ್ಲಿಲ್ಲ ಅಂದ್ರೆ ಅದಕ್ಕೂ ಆಗಲ್ಲ. ಅದಕ್ಕೇನು ಚಪ್ಪಲಿ ಇದೆಯಾ?"

"ಬೀದಿ ನಾಯಿಗಳು ಓಡಾಡಲ್ವೇನೋ? ಅವಕ್ಕೂ ಚಪ್ಪಲಿ ಹೊಲಿಸಿದಾರಾ?"

"ಅವು ಮಧ್ಯಾಹ್ನ ಎಲ್ಲಿರ್ತವೆ ನೋಡಿದ್ಯಾ? ಕಾರಿನ ಕೆಳಗೆ, ಚರಂಡಿ ಪಕ್ಕ. ಅವಕ್ಕೆ ಯಾರೂ ಬೆಲ್ಟ್ ಹಾಕಿ ಎಳೆಯಲ್ಲ ಅಕ್ಕ, ಬೇಕಾದಾಗ ಮಲಗ್ತವೆ. ಗುಂಡ ನಮ್ಮ ಕೈಲಿರ್ತಾನೆ. ನಾಯಿಗೆ ನಮ್ಮ ಥರ ಮೈಯೆಲ್ಲ ಬೆವರಲ್ಲ, ಏದುಸಿರಲ್ಲೇ ಬಿಸಿ ಬಿಡ್ಬೇಕು. ಇವನಿಗೆ ಮೂಗೇ ಇಲ್ಲ. ಮಲಗಿಬಿಟ್ರೆ ಹಠ ಅಂದ್ಕೋಬೇಡ. ಅಲ್ಲೇ ಕೂತ್ಕೊ, ಇಲ್ಲಾ ಎತ್ಕೊಂಡು ವಾಪಸ್ ಬಾ."

ಮಲಗಿದ ಜಾಗದಿಂದಲೇ ಅವನು ಇದನ್ನೆಲ್ಲ ದಿನಾ ಒಪ್ಪಿಸುತ್ತಿದ್ದ. ಕೇಳಿ ಕೇಳಿ ನನಗೆ ಸಾಕಾಗಿತ್ತು. ನನ್ನ ಕಾಲಿನ ಒಡಕು ನೋಡಿ ಒಂದು ದಿನವೂ ಏನೂ ಕೇಳದವನು ನಾಯಿಯ ಅಂಗಾಲಿಗೆ ಇಷ್ಟು ಮರುಗುತ್ತಾನಲ್ಲ ಎಂದು ಒಳಗೊಳಗೆ ಉರಿಯೂ ಇತ್ತು. ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಮೊದಲ ವಾರಗಳು ಚೆನ್ನಾಗಿಯೇ ನಡೆದವು. ಕತ್ತಲಿರುವಾಗಲೇ ಮಾರ್ಕೆಟ್ಟಿಗೆ ಹೋಗಿ ಹೂ ತಂದು, ಬುಟ್ಟಿಯನ್ನು ಪಕ್ಕದ ರಂಗಮ್ಮನ ಹತ್ತಿರ ಇಟ್ಟು, ಸರೋಜಮ್ಮನವರ ಮನೆಗೆ ಓಡುತ್ತಿದ್ದೆ. ರಂಗಮ್ಮ ನನ್ನ ಹಾಗೆಯೇ ಹೂ ಮಾರುವವಳು, ನನಗಿಂತ ದೊಡ್ಡವಳು, ಬಾಯಿ ಜೋರು. "ಏನೇ ರತ್ನಾ, ನಾಯಿ ಮೇಡಂ ಆಗ್ಬಿಟ್ಯಲ್ಲೇ! ನಾಳೆ ನಂಗೂ ಒಂದು ಬೆಲ್ಟ್ ಹಾಕಿ ವಾಕಿಂಗ್ ಕರ್ಕೊಂಡು ಹೋಗೇ, ಹೊಟ್ಟೆ ಕರಗ್ಲಿ" ಎಂದು ಎಲ್ಲರೆದುರು ರೇಗಿಸುತ್ತಿದ್ದಳು. ತಂಪು ಹೊತ್ತಿನಲ್ಲಿ ಗುಂಡ ಕುಣಿಯುತ್ತ ಬರುತ್ತಿದ್ದ. ಹೊಂಗೆ ಮರಗಳ ಕೆಳಗೆ ಉದುರಿದ ಹೂವನ್ನು ಮೂಸಿ ಸೀನುತ್ತಿದ್ದ. ಅವನು ಸೀನಿದರೆ ನನಗೂ ನಗು ಬರುತ್ತಿತ್ತು. ಮನೆಗೆ ಬಂದು ಅದನ್ನು ಹೇಳಿದರೆ ಮಾದೇಶ ಇನ್ನೊಂದು ಸಲ ಹೇಳಿಸುತ್ತಿದ್ದ.

ರಾಮನವಮಿಯ ದಿನ ಸರೋಜಮ್ಮನವರ ಮನೆಯವರೆಲ್ಲ ಬೆಳಿಗ್ಗೆ ಬೇಗನೆ ಮಲ್ಲೇಶ್ವರದ ನೆಂಟರ ಮನೆಗೆ ಹೋಗುವವರಿದ್ದರು. ಹಿಂದಿನ ಸಂಜೆಯೇ ಬೀಗದ ಕೈ ನನಗೆ ಕೊಟ್ಟು, "ಬೆಳಿಗ್ಗೆ ಬಂದು ಒಂದು ಸುತ್ತು ಹಾಕಿಸಿ ಒಳಗೆ ಬಿಟ್ಹೋಗು ರತ್ನ, ನಾವು ಮಧ್ಯಾಹ್ನ ಬಂದ್ಬಿಡ್ತೀವಿ" ಎಂದಿದ್ದರು.

ಹಬ್ಬದ ಬೆಳಿಗ್ಗೆ ಹೂವಿನವರಿಗೆ ಕಣ್ಣು ಮುಚ್ಚಿ ತೆರೆಯಲೂ ಹೊತ್ತಿರುವುದಿಲ್ಲ. ನಾನು ಬುಟ್ಟಿ ಇಳಿಸುವ ಮೊದಲೇ ಜನ ನಿಂತಿದ್ದರು. ತುಳಸಿ, ಸೇವಂತಿಗೆ, ಮಲ್ಲಿಗೆ, ಯಾವುದು ತೆಗೆದರೂ ಖಾಲಿ. ಬೆಳಕು ಹರಿಯಿತು, ಬಿಸಿಲು ಬಿತ್ತು.

"ಹೋಗಿ ಬಾರೇ, ಆ ನಾಯಿ ಕಾಯ್ತಿರತ್ತೆ. ನಿನ್ನ ಬುಟ್ಟಿ ನಾನು ನೋಡ್ಕೋತೀನಿ" ಎಂದಳು ರಂಗಮ್ಮ.

"ಇನ್ನೊಂದು ಹತ್ತು ಜನ ಹೋಗ್ಲಿ ತಡಿ."

ದಿನಾ ಬುಟ್ಟಿ ಬಿಟ್ಟು ಹೋಗುತ್ತಿದ್ದರೂ ಆವತ್ತು ನನಗೆ ಅವಳ ಮೇಲೆ ನಂಬಿಕೆ ಬರಲಿಲ್ಲ. ಹಬ್ಬದ ದಿನ ನನ್ನ ಗಿರಾಕಿಗಳನ್ನು ತನ್ನ ಕಡೆಗೆ ತಿರುಗಿಸಿಕೊಂಡುಬಿಟ್ಟರೆ ಎಂದು ಕೂತೇ ಇದ್ದೆ. ಹತ್ತು ಜನ ಹೋದರು, ಇನ್ನು ಹತ್ತು ಜನ ಬಂದರು. ನಾನು ಎದ್ದಾಗ ಹನ್ನೊಂದು ಗಂಟೆಯ ಸುಮಾರು.

ಬಾಗಿಲು ತೆಗೆದಾಗ ಗುಂಡ ಹೊಸ್ತಿಲಲ್ಲೇ ಕೂತಿದ್ದ. ಪಾಪ, ಅಷ್ಟು ಹೊತ್ತಾದರೂ ಮನೆಯೊಳಗೆ ಏನೂ ಗಲೀಜು ಮಾಡಿರಲಿಲ್ಲ. ತಡೆದುಕೊಂಡಿದ್ದ. ಗೇಟಿನ ಹೊರಗೆ ಬಂದವನೇ ಕಂಬದ ಬುಡದಲ್ಲಿ ಎಲ್ಲ ಮುಗಿಸಿಕೊಂಡ. ಅಲ್ಲಿಂದಲೇ ಒಳಗೆ ಬಿಟ್ಟು ಬೀಗ ಹಾಕಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅವನೇ ಒಳಗೆ ಹೋಗಲು ತಿರುಗಿದ್ದ.

ಆದರೆ ನನ್ನ ಹೆಗಲಲ್ಲಿ ಒಂದು ಹಾರ ಇತ್ತು. ಬುಲ್ ಟೆಂಪಲ್ ರಸ್ತೆಯ ಕಡೆ ಬೀದಿಯವರು ಹಾಕಿದ್ದ ಪೆಂಡಾಲಿಗೆ ಕೊಡಬೇಕಾದ ದೊಡ್ಡ ಹಾರ. ಒದ್ದೆ ಗೋಣಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದೆ. ದಿನಾ ಸುತ್ತು ಹಾಕಿಸಬೇಕು ಎಂದಿದ್ದಾರೆ, ಹಾರವೂ ಕೊಡಬೇಕು, ಒಂದೇ ಓಡಾಟಕ್ಕೆ ಎರಡೂ ಆಗಲಿ ಎಂದುಕೊಂಡೆ. ಕೈ ಹಿಂಭಾಗ ರಸ್ತೆಗೆ ಒತ್ತಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ, ಚಪ್ಪಲಿಯ ಮೂಲಕವೇ ನನ್ನ ಕಾಲಿಗೆ ಬಿಸಿ ತಗಲುತ್ತಿತ್ತು.

ಮೊದಲ ತಿರುವಿನಲ್ಲಿಯೇ ಒಂದು ಹೊಂಗೆ ಮರದ ನೆರಳು ಸಿಕ್ಕಿತು. ಗುಂಡ ಅಲ್ಲಿ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿಬಿಟ್ಟ. "ಏಳೋ ಸೋಮಾರಿ" ಎಂದು ಬೆಲ್ಟ್ ಎಳೆದೆ. ಎದ್ದ. ಸ್ವಲ್ಪ ದೂರದಲ್ಲಿ ಒಂದು ಮನೆಯ ಗೇಟಿನ ನೆರಳಲ್ಲಿ ಮತ್ತೆ ಮಲಗಿದ. ನಾಲಿಗೆ ಮೊಳದುದ್ದ ಹೊರಗೆ ಬಂದಿತ್ತು, ಉಸಿರು ಗರಗಸದ ಹಾಗೆ ಕೇಳುತ್ತಿತ್ತು. ಎದುರಿಗೆ ಎಳನೀರು ಮಾರುತ್ತಿದ್ದವನು ನೋಡಿ ಕೂಗಿದ:

"ಅಮ್ಮಾ, ಅದಕ್ಕಾಗ್ತಿಲ್ಲ ಕಣಮ್ಮ. ಎತ್ಕೊಂಡ್ಬಿಡಿ."

"ಎತ್ಕೊಂಡ್ರೆ ಹಾರ ನಲುಗತ್ತೆ."

ಇದು ನನ್ನ ಬಾಯಿಂದಲೇ ಬಂದ ಮಾತು.

ಪೆಂಡಾಲಿನಲ್ಲಿ ಹಾರಕ್ಕಾಗಿ ಕಾಯುತ್ತಿದ್ದರು. ಪಾನಕದ ಕೊಳಗದ ಮುಂದೆ ಉದ್ದಕ್ಕೆ ಜನ. ಗೋಣಿ ಬಿಚ್ಚಿ ಹಾರ ಕೊಟ್ಟೆ. ದೇವರಿಗೆ ಏರಿಸುವುದನ್ನು ನೋಡಿಕೊಂಡೇ ಹೋಗೋಣ ಎಂದು ನಿಂತೆ. ನನ್ನ ಕೈಯ ಹಾರ ದೇವರ ಕೊರಳಿಗೆ ಬೀಳುವುದನ್ನು ನೋಡುವ ಆಸೆ. ಯಾರೋ ಕೈಗೆ ಪಾನಕದ ಲೋಟ ಕೊಟ್ಟರು. ನಾನು ನೆರಳಿನ ಅಂಚಿನಲ್ಲಿದ್ದೆ, ಗುಂಡ ಬೆಲ್ಟಿನ ಇನ್ನೊಂದು ತುದಿಯಲ್ಲಿ, ಡಾಂಬರಿನ ಮೇಲೆ. ಲೋಟ ಖಾಲಿ ಮಾಡಿ ತಿರುಗಿದಾಗ ಅವನು ಒಂದು ಪಕ್ಕಕ್ಕೆ ಉರುಳಿದ್ದ. ಕಾಲುಗಳು ಸೆಟೆದಿದ್ದವು. ಒಸಡು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

ಜನ ಸೇರಿದರು. "ಪಾನಕ ಹಾಕಿ ಬಾಯಿಗೆ" ಎಂದರು ಒಬ್ಬರು. "ಈರುಳ್ಳಿ ಮೂಸಿಸಿ" ಎಂದರು ಇನ್ನೊಬ್ಬರು. ನೀರು ಎಂದರೆ ಕೊಳಗದ ಪಕ್ಕದ ಕ್ಯಾನುಗಳಲ್ಲಿ ಇದ್ದಷ್ಟೇ. ಅದನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಆ ಬೇಸಿಗೆಯಲ್ಲಿ ನಾಯಿಗೆ ಸುರಿಯಲು ನೀರು ಕೇಳುವುದು ಎಂದರೆ ಹೇಗೆ? ಕೈಯಲ್ಲಿ ಒದ್ದೆ ಗೋಣಿ ಇತ್ತು. ಮಲ್ಲಿಗೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಸಂಜೆಯವರೆಗೂ ಬಾಡುವುದಿಲ್ಲ. ನನ್ನ ಕಸುಬು ಕಲಿಸಿದ ತಂಪು ಅದೊಂದೇ. ಗುಂಡನನ್ನು ಅದರಲ್ಲಿ ಬಿಗಿಯಾಗಿ, ಕತ್ತಿನವರೆಗೂ ಸುತ್ತಿ ಎತ್ತಿಕೊಂಡು ಆಟೋ ಹತ್ತಿದೆ. ದಾರಿಯುದ್ದಕ್ಕೂ ಗೋಣಿಯ ಒಳಗಿನಿಂದ ನನ್ನ ಹೊಟ್ಟೆಗೆ ಬಿಸಿ ಬಡಿಯುತ್ತಿತ್ತು. ಗುಂಡ ಬಿಡಿಸಿಕೊಳ್ಳಲು ನೋಡಿದಷ್ಟೂ ನಾನು ಇನ್ನೂ ಬಿಗಿಯಾಗಿ ಅಪ್ಪಿ ಹಿಡಿದೆ. ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ.

ನಾಯಿಗಳ ಡಾಕ್ಟರು ಒಬ್ಬ ಹೆಂಗಸು. ಮೇಜಿನ ಮೇಲಿಟ್ಟ ತಕ್ಷಣ ಗೋಣಿಯನ್ನು ಕಿತ್ತು ಎಸೆದರು. ನೀರು ಸುರಿದರು, ಫ್ಯಾನ್ ತಿರುಗಿಸಿದರು, ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಕೈ ಬಿಟ್ಟರು.

"ಯಾರು ಹೀಗೆ ಸುತ್ತಿದ್ದು?"

"ನಾನೇ ಮೇಡಂ. ತಂಪಾಗ್ಲಿ ಅಂತ. ಹೂವಿಗೆ ಹೀಗೇ ಮಾಡ್ತೀವಿ."

"ಹೂವಿನ ಒಳಗೆ ಬೆಂಕಿ ಇರಲ್ವಲ್ಲಮ್ಮ. ಇದರ ಶಾಖ ಹೊರಗೆ ಹೋಗೋಕೆ ದಾರಿ ಇಲ್ದಂಗಾಯ್ತು. ಅಲ್ಲೇ ನೆರಳಲ್ಲಿ ಮಲಗಿಸಿ, ನೀರು ಸುರಿದು ಗಾಳಿ ಹಾಕಿ, ಆಮೇಲೆ ತರ್ಬೇಕಿತ್ತು." ಆಮೇಲೆ ಕೇಳಿದರು: "ಬಿಸಿಲಲ್ಲಿ ನಡೆಸಿದ್ರಾ?"

"ಇಲ್ಲ ಮೇಡಂ. ಬೆಳಿಗ್ಗೆನೇ ವಾಕಿಂಗ್ ಆಗಿತ್ತು. ನೀರು ಇದೆಯಾ ನೋಡೋಣ ಅಂತ ಈಗ ಮನೆಗೆ ಹೋದೆ, ಹೀಗೆ ಬಿದ್ದಿತ್ತು."

ಎಲ್ಲಿಂದ ಬಂತೋ ಈ ಸುಳ್ಳು, ಪೂರ್ತಿಯಾಗಿ, ತಡವರಿಸದೆ ಬಂತು. ಡಾಕ್ಟರು ಗುಂಡನ ಒಂದು ಪಾದ ಎತ್ತಿ ತಿರುಗಿಸಿದರು. ಅಂಗಾಲಿನ ಚರ್ಮ ಸುಲಿದು ನೇತಾಡುತ್ತಿತ್ತು. ನನ್ನ ಮುಖ ನೋಡಿದರು. ಪಾದವನ್ನು ಮೆಲ್ಲಗೆ ಕೆಳಗಿಟ್ಟು ಕೈ ತೊಳೆಯಲು ಹೋದರು.

ಅದೇ ಸುಳ್ಳನ್ನು ಸರೋಜಮ್ಮನವರಿಗೂ ಹೇಳಿದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು, "ಕಿಟಕಿ ಎಲ್ಲಾ ಹಾಕ್ಕೊಂಡು ಹೋಗ್ಬಿಟ್ಟಿದ್ದೆ ಕಣೆ, ಉಸಿರುಕಟ್ಟಿತೇನೋ" ಎಂದು ಅತ್ತರು. ನಾನು ಅವರ ಬೆನ್ನು ಸವರಿದೆ.

ಮಾದೇಶನಿಗೂ ಅದನ್ನೇ ಹೇಳಿದೆ. ಅವನು ಅಳಲಿಲ್ಲ. ಪಟ್ಟಿ ಹಾಕಿದ ಕಾಲನ್ನೇ ನೋಡುತ್ತ ಕೇಳಿದ:

"ತಂಪು ಹೊತ್ತಲ್ಲೇ ಹೋಗಿದ್ಯಾ ಅಕ್ಕ?"

"ಹೂಂ."

"ಚೆನ್ನಾಗಿ ನಡೆದನಾ?"

"ಕುಣಿದಾಡ್ಕೊಂಡು ಬಂದ."

"ಹಾಗಾದ್ರೆ ಎದೇಲೇ ಏನೋ ಇತ್ತು ಅವನಿಗೆ. ಕಾಲು ಮುರಿಯೋ ಹಿಂದಿನ ವಾರ ಒಂದು ಥರ ಕೆಮ್ತಿದ್ದ. ಸರೋಜಮ್ಮಂಗೆ ಹೇಳ್ಬೇಕು ಅಂದ್ಕೊಂಡು ಮರೆತೆ." ತಲೆ ಎತ್ತಿ ನನ್ನನ್ನು ನೋಡಿದ. "ನಾನು ನೋಡ್ಲಿಲ್ಲ ಅಕ್ಕ. ಇಷ್ಟು ವರ್ಷ ನಾಯಿ ಜೊತೆ ಇದ್ದೂ ನಂಗೆ ಗೊತ್ತಾಗ್ಲಿಲ್ಲ."

ಆ ಕ್ಷಣ ಬಾಯಿ ಬಿಡಬೇಕಿತ್ತು. ಅವನೇ ದಾರಿ ಮಾಡಿಕೊಟ್ಟ ಹಾಗಿತ್ತು. ನಾನು, "ಹೋಗ್ಲಿ ಬಿಡು, ಅದರ ಹಣೇಲಿ ಬರೆದಿದ್ದು ಅಷ್ಟೇ" ಎಂದೆ.

ಕಾಲು ಕೂಡಿತು. ಮನೆಗಳಿಂದ ಫೋನು ಬಂದವು. ಅವನು ಒಂದಕ್ಕೂ ಹೋಗಲಿಲ್ಲ. "ನನ್ನ ಕೈಗೆ ನಾಯಿ ಕೊಡ್ಬೇಡಿ, ನಂಗೆ ಅದು ಬರಲ್ಲ" ಎನ್ನುತ್ತಿದ್ದ. ಮಲ್ಲೇಶ್ವರದ ಕಡೆ ಒಂದು ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ ಕಾರುಗಳಿಗೆ ದಾರಿ ತೋರಿಸುವ ಕೆಲಸಕ್ಕೆ ಸೇರಿಕೊಂಡ. ಬಿಸಿಲೂ ಕಾಣುವುದಿಲ್ಲ, ಮಳೆಯೂ ಕಾಣುವುದಿಲ್ಲ. ಬಿನ್ನಿಪೇಟೆಯಲ್ಲಿ ಜೊತೆ ಕೆಲಸದವರ ರೂಮು ಸೇರಿದ. ಹಬ್ಬಕ್ಕೆ ಬರುತ್ತಿದ್ದ, ಉಣ್ಣುತ್ತಿದ್ದ, ಹೋಗುತ್ತಿದ್ದ. ಬಂದಾಗಲೆಲ್ಲ ಕೆಮ್ಮಿನ ಮಾತು ಒಂದು ಸಲವಾದರೂ ತೆಗೆಯುತ್ತಿದ್ದ. "ಒಣ ಕೆಮ್ಮು ಅಕ್ಕ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಥರ. ಹೇಳಿದ್ದಿದ್ರೆ ಬದುಕ್ತಿದ್ನೇನೋ." ರಂಗಮ್ಮನಿಗೆ ಎಲ್ಲ ಗೊತ್ತಿತ್ತು. ನಾನು ಯಾವ ಹೊತ್ತಿಗೆ ಎದ್ದು ಹೋದೆ ಎಂಬುದಕ್ಕೆ ಅವಳೇ ಸಾಕ್ಷಿ. "ಹೇಳ್ಬಿಡೇ ಅವನಿಗೆ, ಹೊಟ್ಟೇಲಿಟ್ಕೊಂಡ್ರೆ ಕೊಳೆಯತ್ತೆ" ಎಂದು ದಾರದ ತುದಿ ಹಲ್ಲಿನಲ್ಲಿ ಕಚ್ಚಿಕೊಂಡೇ ಹೇಳುತ್ತಿದ್ದಳು. ಇವತ್ತು ಬೇಡ, ಹಬ್ಬದ ದಿನ ಬೇಡ, ಅವನು ಖುಷಿಯಾಗಿರುವಾಗ ಹೇಳೋಣ ಎಂದು ಮುಂದೂಡುತ್ತ ಬಂದೆ. ಅವನು ಖುಷಿಯಾಗಿರುವ ದಿನ ಬರಲೇ ಇಲ್ಲ.

ಈ ರಾಮನವಮಿಯ ಸಂಜೆ ಅವನು ಬಂದ. ಕೋಸಂಬರಿ, ಚಿತ್ರಾನ್ನ ಬಡಿಸಿದೆ. ಎರಡು ತುತ್ತು ತಿಂದು, "ಆ ಕೆಮ್ಮು..." ಎಂದ. ಬೆಳಿಗ್ಗೆಯ ಪಾನಕದ ವಾಸನೆ ಇನ್ನೂ ನನ್ನ ಗಂಟಲಲ್ಲೇ ಇತ್ತು. ತಡೆದುಕೊಳ್ಳಲಾಗಲಿಲ್ಲ. ಎಲ್ಲ ಹೇಳಿದೆ. ರಂಗಮ್ಮನನ್ನು ನಂಬದೆ ಕೂತದ್ದು, ಹನ್ನೊಂದು ಗಂಟೆಯ ಬಿಸಿಲು, ಗೋಣಿ, ಡಾಕ್ಟರು ಎತ್ತಿ ನೋಡಿದ ಪಾದ.

ಅವನು ತಟ್ಟೆ ನೋಡುತ್ತಲೇ ಕೇಳಿದ. "ದಾರೀಲಿ ಮಲಗಿದನಾ?"

"ಮಲಗಿದ."

"ನೀನು ಎಳೆದ್ಯಾ?"

"ಎಳೆದೆ."

"ಎದ್ದನಾ?"

"ಎದ್ದ ಕಣೋ. ಎಳೆದಾಗೆಲ್ಲ ಎದ್ದ."

ಅವನ ಕೈ ಅನ್ನದಲ್ಲೇ ನಿಂತಿತು. ಬೈಯುತ್ತಾನೆ, ತಟ್ಟೆ ಎಸೆಯುತ್ತಾನೆ ಎಂದು ಕಾದೆ. ಹಾಗಾದರೆ ಬದುಕಿಕೊಂಡೆ ಎಂಬ ಆಸೆಯೂ ಇತ್ತು. ಅವನು ದನಿ ಏರಿಸದೆ ಕೇಳಿದ:

"ಆವತ್ತೇ ಹೇಳಿದ್ದಿದ್ರೆ ಏನಾಗ್ತಿತ್ತು ಅಕ್ಕ? ಬೈತಿದ್ದೆ. ಒಂದು ತಿಂಗಳು ಮಾತು ಬಿಡ್ತಿದ್ದೆ. ಕಾಲು ವಾಸಿಯಾದ ಮೇಲೆ ಮತ್ತೆ ನಾಯಿ ಹಿಡ್ಕೊಂಡು ಹೋಗ್ತಿದ್ದೆ. ಅಷ್ಟೇ ತಾನೇ?"

"ಈಗಲಾದ್ರೂ ಹೋಗೋ. ತಪ್ಪು ನಿಂದಲ್ಲ ಅಂತ ಗೊತ್ತಾಯ್ತಲ್ಲ."

"ಈಗ ಯಾವ ನಾಯಿ ಮಲಗಿದ್ರೂ ಅದರ ಹೊಟ್ಟೆ ಏರಿಳೀತಿದೆಯಾ ಅಂತ ನೋಡ್ತಾ ನಿಂತ್ಬಿಡ್ತೀನಿ. ಮೈ ಮುಟ್ಟೋಕೆ ಕೈ ಹೋಗಲ್ಲ. ಎರಡು ವರ್ಷ ಅಭ್ಯಾಸ ಆಗಿದೆ ಅಕ್ಕ, ನೀನು ಹೇಳಿದ ತಕ್ಷಣ ಹೋಗತ್ತಾ ಅದು?"

ಉಳಿದ ಅನ್ನವನ್ನು ನಿಧಾನವಾಗಿ ಉಂಡ. ಒಂದು ಅಗುಳೂ ಬಿಡಲಿಲ್ಲ. ತಟ್ಟೆ ತೊಳೆದು ಬೋರಲು ಹಾಕಿ, ಬಾಗಿಲ ಹತ್ತಿರ ಕೂತು ಶೂ ಹಾಕಿಕೊಂಡ. ನಾನು ಹಿಂದೆಯೇ ಹೋಗಿ ನಿಂತೆ. ಕ್ಷಮಿಸು ಎಂಬ ಮಾತು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ. ಅದನ್ನು ಹೇಗೆ ಶುರು ಮಾಡಬೇಕೋ ನನಗೆ ತಿಳಿಯಲಿಲ್ಲ. "ಮುಂದಿನ ಹಬ್ಬಕ್ಕೆ ಹೋಳಿಗೆ ಮಾಡ್ತೀನಿ" ಎಂದೆ.

ಅವನು ಎದ್ದು ನಿಂತು, ಮೆಟ್ಟಿಲ ಕಡೆ ತಿರುಗಿ, "ಹೋಗ್ತೀನಿ ಅಕ್ಕ" ಎಂದ.

ಹಾಗನ್ನಬಾರದು, ಬರ್ತೀನಿ ಅನ್ನು ಎಂದು ತಿದ್ದುವ ಬಾಯಿ ನನಗಿರಲಿಲ್ಲ.